ಕೆಂಪು ಕಾರು, ಹಸಿರು ಕಾರು ಮತ್ತು ನೀಲವ್ವನ ತೂಕ

ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ಹೇಳುವುದು ಕಷ್ಟದ ಕೆಲಸವೇನಲ್ಲ. ಕಣ್ಣು ನೆಟ್ಟಗಿರಬೇಕು, ಮನಸ್ಸಿನಲ್ಲಿ ಪಕ್ಷಪಾತ ಇರಬಾರದು. ಪತ್ರಿಕೆಯ ವರದಿಗಾರನಾದ ನನಗೆ ಎರಡೂ ಸಿದ್ಧಿಸಿವೆ ಎಂಬ ಭರವಸೆ ಇತ್ತು. ಗದಗಿನಲ್ಲಿ ಎರಡು ಪಕ್ಷಗಳ ಸಭೆಗೂ ಹೋಗಿ, ಇಬ್ಬರಿಗೂ ಸಮನಾಗಿ ಸಾಲು ಹಂಚಿ, ಇಬ್ಬರಿಂದಲೂ ಸಮನಾಗಿ ಬೈಸಿಕೊಂಡವನು ನಾನು. ಅಂಥವನಿಗೆ ಎರಡು ಕಾರು ಯಾವ ಲೆಕ್ಕ!

ಆಗ ದೇಶ ಸ್ವತಂತ್ರವಾಗಿತ್ತು, ಸಂಸ್ಥಾನಗಳು ವಿಲೀನವಾಗಿದ್ದವು, ಕರ್ನಾಟಕ ಮಾತ್ರ ಇನ್ನೂ ಒಂದಾಗಿರಲಿಲ್ಲ. ಲಕ್ಷ್ಮೇಶ್ವರದ ಕಡೆಯ ಜಹಗೀರದಾರರೊಬ್ಬರು ತಮ್ಮಲ್ಲಿದ್ದ ಎರಡು ವಿಲಾಯತಿ ಕಾರುಗಳಲ್ಲಿ ಒಂದನ್ನು ಮಾರಲು ಮನಸ್ಸು ಮಾಡಿದರು. ಒಂದು ಕೆಂಪು, ಒಂದು ಹಸಿರು. ಎರಡೂ ಪಂದ್ಯದ ಓಟಕ್ಕೆಂದೇ ಮಾಡಿದವು: ತೆರೆದ ಮೈ, ಎರಡೇ ಸೀಟು, ಸಿಟ್ಟಿಗೆದ್ದ ಎತ್ತು ಕೋಡಿನಿಂದ ಮಗುಚಿ ಹಾಕಬಹುದಾದಷ್ಟು ಹಗುರ. ಕೊಳ್ಳಲು ಮುಂದಾದವರು ನನ್ನ ಮಾವ, ಬೆಟಗೇರಿಯ ಹತ್ತಿ ವ್ಯಾಪಾರಿ ರುದ್ರಪ್ಪನವರು. ಕಾರು ಸಣ್ಣದಾದಷ್ಟೂ ಪೆಟ್ರೋಲು ಕಡಿಮೆ ಕುಡಿಯುತ್ತದೆ ಎಂಬುದು ಅವರ ಸಿದ್ಧಾಂತ.

"ಅಳಿಯಂದಿರ," ಎಂದರು ಮಾವ, "ಪರದೇಶದ ಮೋಟಾರ್ ಪಂದ್ಯದ ಸುದ್ದಿ ಪೇಪರಿನಾಗ ಬರದಾವ್ರು ನೀವು. ಎಂಜಿನ್ ಯಾವುದರದು ಛಲೋ, ತಿರುವಿನಾಗ ಯಾವುದು ನೆಲಾ ಹಿಡದು ಹೋಗತೈತಿ, ನೀವ ಹೇಳ್ರಿ. ಐತವಾರ ಸಂಜೀಕ ಜಹಗೀರದಾರ್ರು ಬರತಾರ. ನೀವು ಬೆರಳು ಮಾಡಿದ್ದನ್ನ ತಗೋತೀನಿ."

ಆ ಸುದ್ದಿಯನ್ನು ನಾನು ಬರೆದಿರಲಿಲ್ಲ, ಇಂಗ್ಲಿಷಿನಿಂದ ಅನುವಾದಿಸಿದ್ದೆ ಅಷ್ಟೆ. ಆದರೆ ಮದುವೆಯಾದಂದಿನಿಂದ ಆ ಮನೆಯಲ್ಲಿ "ಇನ್ನೊಂದು ರೊಟ್ಟಿ ಹಾಕಲೇನ್ರಿ?" ಎಂಬುದರ ಹೊರತು ಬೇರೆ ಯಾವ ಪ್ರಶ್ನೆಯನ್ನೂ ಯಾರೂ ನನಗೆ ಕೇಳಿರಲಿಲ್ಲ. ಈ ಒಂದು ತೀರ್ಪು ಸರಿಬಂದರೆ ಮಾವನ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬರುತ್ತದೆ. ತಪ್ಪಿದರೆ ಆಯುಷ್ಯವಿಡೀ ಬರೀ ರೊಟ್ಟಿ. ಒಪ್ಪಿಕೊಂಡೆ.

ಹೆಂಡತಿ ಶಾಂತಾ ಹಣೆ ಬಡಿದುಕೊಂಡಳು. "ಸೈಕಲ್ ಹೊಡ್ಯಾಕ ಬರೂದಿಲ್ಲ, ಮೋಟಾರ್ ಪರೀಕ್ಷಾ ಮಾಡಾಕ ಹೊಂಟೀರಿ?"

"ಅಡಗಿ ರುಚಿ ಹೇಳಾಕ ಅಡಗಿ ಮಾಡಾಕ ಬರಬೇಕಂತ ಎಲ್ಲೈತಿ?"

"ಅದೂ ನಿಮಗ ಬರೂದಿಲ್ಲ. ನಿನ್ನೆ ಸಾರಿಗೆ ಉಪ್ಪು ಹಾಕಾಕ ಮರತಿದ್ದೆ. ಭಾಳ ಛಲೋ ಆಗೇತಿ ಅಂದ್ರಿ!"

ಈ ಹೇಳಿಕೆಗೆ ನಾನು ಪ್ರತಿಕ್ರಿಯೆ ನೀಡಲು ನಿರಾಕರಿಸಿದೆ.

ಜಹಗೀರದಾರರು ಎರಡೂ ಕಾರುಗಳನ್ನು ಬೆಟಗೇರಿಗೆ ಕಳಿಸಿಕೊಟ್ಟರು, ಪರೀಕ್ಷೆಯ ಕ್ರಮವನ್ನು ನಾನೇ ರೂಪಿಸಿದೆ. ಭಾನುವಾರ ಬೆಳಿಗ್ಗೆ ಕೆಂಪು ಕಾರು, ಮಧ್ಯಾಹ್ನ ಹಸಿರು ಕಾರು. ಅದೇ ರಸ್ತೆ: ಬೆಟಗೇರಿಯಿಂದ ಶಿರಹಟ್ಟಿಗೆ ಹೋಗಿ ಬರುವುದು. ಅದೇ ಚಾಲಕ: ಜಹಗೀರದಾರರ ಡ್ರೈವರ್ ಹುಸೇನಸಾಬ. ಪಕ್ಕದ ಸೀಟಿನಲ್ಲಿ ನಾನು. ಮಾಗಡಿ ಕೆರೆಯ ಬಳಿಯ ತಿರುವಿನಲ್ಲಿ ಹಿಡಿತದ ಪರೀಕ್ಷೆ, ಅದರಾಚೆಯ ಏರಿನಲ್ಲಿ ಎಂಜಿನ್ನಿನ ಪರೀಕ್ಷೆ. ಕಾರು ಬಿಟ್ಟರೆ ಬೇರೇನೂ ಬದಲಾಗಬಾರದು. ಎಂಥ ವಿಜ್ಞಾನಿಯಾದರೂ ತಲೆದೂಗುವ ವ್ಯವಸ್ಥೆ!

ಕೆಂಪು ಕಾರು ಗುರ್ರೆಂದು ಹೊರಟಿತು. ಎಂಜಿನ್ ಚಿಕ್ಕದು, ಆದರೆ ಬಲು ಚುರುಕು. ಎಷ್ಟು ಜೋರಾಗಿ ಓಡಿಸಿದರೆ ಅಷ್ಟು ಹುರುಪು. ಸ್ಟೇರಿಂಗ್ ಎಷ್ಟು ಹಗುರವೆಂದರೆ ಹುಸೇನಸಾಬ ಒಂದು ಬೆರಳಿನಲ್ಲಿ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಮೀಸೆ ತೀಡಿಕೊಂಡ. ಉತ್ಸಾಹದಿಂದ ಬರೆದುಕೊಂಡೆ. ಊರ ಅಗಸಿ ಬಾಗಿಲು ದಾಟುವವರೆಗೆ ನನ್ನ ವಿಜ್ಞಾನ ಸುರಕ್ಷಿತವಾಗಿತ್ತು.

ಅಗಸಿಯಾಚೆ ನೀಲವ್ವ ನಿಂತಿದ್ದಳು. ನನ್ನ ಅತ್ತೆಯ ಕಡೆಯ ಹಿರಿಯಳು, ಧಾರಾಳ ಮೈಕಟ್ಟಿನವಳು. ನಮ್ಮ ಕಡೆ ಖಾಲಿ ಬಂಡಿ ಹೋಗುವಾಗ ದಾರಿಯಲ್ಲಿ ನಿಂತವರನ್ನು ಹತ್ತಿಸಿಕೊಳ್ಳದೆ ಹೋಗುವುದೆಂದರೆ ಕೊಲೆಗಿಂತ ಸ್ವಲ್ಪ ಕಡಿಮೆ ಅಪರಾಧ. ಅಳಿಯನಾದವನು ಹಾಗೆ ಮಾಡಿದರೆ ಕೊಲೆಗಿಂತ ಸ್ವಲ್ಪ ಹೆಚ್ಚು.

"ಶಿರಹಟ್ಟಿಗೆ ಹೊಂಟೀರೇನೋ ಅಳಿಯಪ್ಪಾ?"

"ಅವ್ವಾ, ಇದು ಎರಡ ಸೀಟಿನ ಗಾಡಿ..."

"ಸೀಟು ಯಾರಿಗೆ ಬೇಕೋ? ನಾ ಹಿಂದ ಕುಂಡರತೀನಿ," ಎನ್ನುತ್ತ ಆಕೆ ಸೀಟಿನ ಹಿಂದೆ ಮಡಚಿಟ್ಟ ಬಟ್ಟೆಯ ಛಾವಣಿಯ ಮೇಲೆ ಏರಿ ಕುಳಿತೇಬಿಟ್ಟಳು. ಕಾರಿನ ಮೂತಿ ಆಕಾಶ ನೋಡಿತು.

ಇನ್ನಷ್ಟು ಮುಂದೆ ಗುರುಪಾದಪ್ಪ ಎಂಬ ಹಿರಿಯರು ಉಳ್ಳಾಗಡ್ಡಿ ಚೀಲದೊಂದಿಗೆ ಅಡ್ಡಗಟ್ಟಿದರು. ಹೆಂಗಸನ್ನು ಹತ್ತಿಸಿಕೊಂಡು ಗಂಡಸನ್ನು ಬಿಟ್ಟರೆ ಊರು ಏನೆಂದೀತು? ಅವರು ನನ್ನ ಸೀಟಿನ ಅರ್ಧಕ್ಕೆ ಬಂದರು, ಚೀಲ ನನ್ನ ತೊಡೆಗೆ ಬಂತು.

"ಪೇಪರಿನವ್ರ, ಕರ್ನಾಟಕ ಯಾವಾಗ ಒಂದಾಗತೈತ್ರಿ?"

"ಜಲ್ದೀನ ಆಗತೈತಿ ಅಂತಾರ್ರಿ," ಎಂದೆ, ಚೀಲದ ಹಿಂದಿನಿಂದ.

"ಆಗಲಿ ಬಿಡ್ರಿ. ಮದ್ಲ ನಾವು ನಾಲ್ಕು ಮಂದಿ ಈ ಎರಡು ಸೀಟಿನಾಗ ಒಂದಾಗೂಣು. ನೀವು ಒಂಚೂರು ಆಕಡಿ ಸರೀರಿ!"

ಮಾಗಡಿ ಕೆರೆಯ ತಿರುವು ಬಂತು. ಕಾರು ಬಲಕ್ಕೆ ವಾಲಿತು. ಹಾರನ್ನಿಗೆ ಬೆದರಿ ಬಾತುಗಳೆಲ್ಲ ಎದ್ದು ಹಾರಿದವು, ನೀಲವ್ವ ಹಕ್ಕಿ ನೋಡಲು ಬಲಕ್ಕೆ ಬಾಗಿದ್ದಳು. ಹಾಗಾದರೆ ವಾಲಿದ್ದು ಕಾರೋ, ನೀಲವ್ವನೋ? ಏರಿನಲ್ಲಿ ಏದುಸಿರಿನ ಸದ್ದು ಕೇಳಿತು. ಎಂಜಿನ್ನಿನದೋ, ಗುರುಪಾದಪ್ಪನವರದೋ? ಏನೋ ಕಮರಿದ ವಾಸನೆ ಬಂತು. ಕ್ಲಚ್ಚೋ, ಅವರ ಬೀಡಿಯೋ? ಮೂಲ ಖಚಿತವಾಗದ ಸುದ್ದಿಯನ್ನು ನಾನು ಎಂದೂ ಅಚ್ಚಿಗೆ ಕೊಟ್ಟವನಲ್ಲ. ಇಲ್ಲಿ ಯಾವ ಸುದ್ದಿಗೂ ಮೂಲವೇ ಇರಲಿಲ್ಲ!

ವಾಪಸು ಬರುವಾಗ ಬೇರೆ ಮಂದಿ ಹತ್ತಿದರು, ಗೊಂದಲ ಮಾತ್ರ ಅದೇ ಇತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ವೃತ್ತಿಧರ್ಮ ಜಾಗೃತವಾಯಿತು. ಕೆಂಪು ಕಾರು ಇಷ್ಟೆಲ್ಲ ಹೊತ್ತು ಓಡಿದೆ. ಹಸಿರು ಕಾರನ್ನು ಖಾಲಿ ಓಡಿಸಿ ಹೊಗಳಿದರೆ ಅದು ಪಕ್ಷಪಾತ. ಎರಡಕ್ಕೂ ಸಮಾನ ಭಾರ ಬೇಕು! ಗುರುಪಾದಪ್ಪನವರ ಬದಲಿಗೆ ಒಂದು ಚೀಲ ಜೋಳ ಸಿಕ್ಕಿತು. ಉಳ್ಳಾಗಡ್ಡಿಗೆ ಉಳ್ಳಾಗಡ್ಡಿಯೇ ಸಿಕ್ಕಿತು. ಸಮಸ್ಯೆ ಎಂದರೆ ನೀಲವ್ವ. ಆಕೆ ಶಿರಹಟ್ಟಿಯಲ್ಲೇ ಉಳಿದಿದ್ದಳು.

ಓಣಿಗೆ ಇಳಿದು ಅದೇ ಗಾತ್ರದ ಹೆಂಗಸನ್ನು ಹುಡುಕಿದೆ. ನೇಕಾರರ ಮನೆಯ ಕಟ್ಟೆಯ ಮೇಲೆ ಒಬ್ಬರು ಕಂಡರು. ಅಳತೆ ಹೊಂದುತ್ತಿತ್ತು.

"ಅವ್ವಾರ, ಮೋಟಾರಿನಾಗ ಶಿರಹಟ್ಟಿಗೆ ಬರತೀರೇನ್ರಿ?"

"ನನಗೇನು ಕೆಲಸೈತಿ ಅಲ್ಲಿ?"

"ಕೆಲಸಿಲ್ಲರಿ. ತೂಕಕ್ಕ ಬೇಕಾಗಿತ್ತು."

ಆಕೆ ಕಸಬರಿಗೆ ಎತ್ತಿಕೊಂಡಳು. ಅಲ್ಲಿಂದ ಮಾವನ ಅಂಗಡಿಯವರೆಗೆ ನಾನು ಓಡಿದ ವೇಗ ಎರಡೂ ಕಾರುಗಳಿಗಿಂತ ಹೆಚ್ಚಿತ್ತು.

ಅಂಗಡಿಯಲ್ಲಿ ಉಪಾಯ ಹೊಳೆಯಿತು. ತೂಕ ತಾನೇ ಬೇಕಾಗಿರುವುದು? ಹತ್ತಿ ಇದೆಯಲ್ಲ! ಅತ್ತೆಯವರನ್ನು ಕೇಳಿ ನೀಲವ್ವನ ತೂಕದ ಅಂದಾಜು ಪಡೆದೆ, ತಕ್ಕಡಿಗೆ ಹತ್ತಿ ಏರಿಸುತ್ತ ಹೋದೆ. ನೀಲವ್ವನಷ್ಟು ತೂಗುವ ಹತ್ತಿ ನೀಲವ್ವನಷ್ಟೇ ಜಾಗ ಹಿಡಿಯುವುದಿಲ್ಲ ಎಂಬ ಸತ್ಯ ಹತ್ತಿ ವ್ಯಾಪಾರಿಯ ಅಳಿಯನಿಗೆ ಅಂದು ಮೊದಲ ಬಾರಿಗೆ ಗೊತ್ತಾಯಿತು. ಕಾರಿನ ಮೇಲೆ ಕಟ್ಟಿದ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಕಾರಿಗಿಂತ ದೊಡ್ಡದಿತ್ತು.

ಹುಸೇನಸಾಬ ಒಮ್ಮೆ ಅಂಡಿಗೆಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಸಾಹೇಬ್ರ, ಇದು ರೇಸಿನ ಗಾಡಿರಿ."

"ನಿಷ್ಪಕ್ಷಪಾತ ಅಂದ್ರ ಹಿಂಗ ಇರತೈತಿ, ಹುಸೇನಸಾಬ್."

"ಹಂಗಾರ ಹತ್ರಿ," ಎಂದ, ಒಂದು ನಿಟ್ಟುಸಿರಿನೊಂದಿಗೆ.

ಹಸಿರು ಕಾರಿನ ಎಂಜಿನ್ನಿಗೆ ಕೆಂಪಿನ ಚುರುಕಿರಲಿಲ್ಲ, ಆದರೆ ಕಡಿಮೆ ವೇಗದಲ್ಲೇ ಎತ್ತಿನಂತೆ ಎಳೆಯುತ್ತಿತ್ತು. ಸ್ಟೇರಿಂಗ್ ಬಿಗಿ. ನಿಜವಾದ ವ್ಯತ್ಯಾಸವೊಂದು ಕೈಗೆ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ಕೆರೆಯ ಗಾಳಿ ಅಂಡಿಗೆಗೆ ಬಡಿಯಿತು. ಕಾರು ಹಾಯಿದೋಣಿಯಾಗಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೋಯಿತು. ಸ್ಟೇರಿಂಗ್ ಬಿಗಿಯಾಗಿದ್ದು ತನ್ನ ಗುಣದಿಂದಲೋ, ಗಾಳಿಯಿಂದಲೋ? ನನ್ನ ಟಿಪ್ಪಣಿಯ ಕೊನೆಯ ಸಾಲಿನ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಕಾರು ತುಂಬಿದೆ, ಇನ್ನು ಯಾರೂ ಹತ್ತಲಾರರು ಎಂದುಕೊಂಡಿದ್ದೆ. ಹಿಂದಿರುಗುವಾಗ ದಾರಿಯಲ್ಲಿದ್ದ ಇಬ್ಬರು ರೈತರು ಕೈ ಅಡ್ಡ ಹಿಡಿದರು.

"ಜಾಗಾ ಇಲ್ಲರಿ," ಎಂದೆ, ಧೈರ್ಯ ಮಾಡಿ.

ಒಬ್ಬ ಸೊಂಟದ ಮೇಲೆ ಕೈಯಿಟ್ಟ. "ಹತ್ತೀಗೆ ಜಾಗಾ ಐತಿ, ಮನಶ್ಯಾಗ ಇಲ್ಲೇನು? ರುದ್ರಪ್ಪನ ಅಳಿಯಾ ಅಲ್ಲೇನ್ರಿ ನೀವು?"

ಇಬ್ಬರೂ ಎರಡು ಕಡೆಯ ಚಕ್ರದ ಮೇಲಿನ ತಗಡಿನ ಮೇಲೆ ಕುಳಿತರು. ಗದಗಿನ ಗಿರಣಿ ಚಿಮಣಿಗಳು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಕೆಳಗಿನಿಂದ ಠಣ್ ಎಂದು ಸದ್ದು ಬಂತು. ಈ ಸದ್ದಿನ ಮೂಲದ ಬಗ್ಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಕಾರಿನ ಭಾರ ಹೊರುವ ಉಕ್ಕಿನ ಪಾಟಾ ಮುರಿದಿತ್ತು!

ರೈತರೇ ಹತ್ತಿರದ ಹೊಲದಿಂದ ಎತ್ತು ತಂದು ಕಟ್ಟಿದರು. ವಾಲಿದ ಅಂಡಿಗೆ ಉರುಳದಿರಲೆಂದು ನನ್ನನ್ನು ಅದರ ಮೇಲೆ ಕೂರಿಸಿದರು. ಹೀಗೆ ವಿಲಾಯತಿಯ ಓಟದ ಕಾರು, ಜೋಡೆತ್ತಿನ ಹಿಂದೆ, ಕೊರಳ ಗಂಟೆಯ ನಾದದೊಂದಿಗೆ ಬೆಟಗೇರಿಯನ್ನು ಪ್ರವೇಶಿಸಿತು. ಮೇಲೆ ನಾನು, ಕೈಯಲ್ಲಿ ಪೆನ್ಸಿಲ್ ಹಿಡಿದು.

ಮಾವನ ಕಟ್ಟೆಯ ಮೇಲೆ ಜಹಗೀರದಾರರು ಚಹಾ ಕುಡಿಯುತ್ತಿದ್ದರು. ಎತ್ತಿದ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು.

"ರುದ್ರಪ್ಪನವ್ರ, ಅದು ನನ್ನ ಕಾರೇನ್ರಿ?"

ಮಾವ ಮೇಲೆ ಕೆಳಗೆ ನೋಡಿದರು. "ಅಳಿಯಂದಿರಂತೂ ನಮ್ಮವ್ರರಿ. ಕೆಳಗಿನದು ನಿಮ್ಮದ ಇರಬೇಕು."

ಜಹಗೀರದಾರರು ಎದ್ದರು. "ಹೆಣ್ಣುಮಕ್ಕಳಂಗ ಸಾಕೀನ್ರಿ ಇವನ್ನ. ಈ ಮನೀಗೆ ಕೊಡಂಗಿಲ್ಲ."

"ಹೋಗಲಿ, ಕೆಂಪಂದಾದ್ರೂ ಕೊಡ್ರಿ."

"ಅಕ್ಕನ ಗತಿ ಹಿಂಗಾದ ಮ್ಯಾಲೆ ತಂಗೀನ ಕೊಡತಾರೇನ್ರಿ?"

ಪಾಟಾ ಮಾವನೇ ಹಾಕಿಸಿಕೊಟ್ಟರು. ಎರಡೂ ಕಾರು ಲಕ್ಷ್ಮೇಶ್ವರದ ದಾರಿ ಹಿಡಿದು ಮರೆಯಾದ ಮೇಲೆ ಅವರು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯ ಹುಟ್ಟಿಸಿತು.

"ಖರೆ ಹೇಳ್ರಿ, ಯಾವುದು ಛಲೋ ಇತ್ತು?"

"ಮಾಂವಾರ, ಖಚಿತ ಹೇಳಾಕ ಇನ್ನೊಂದು ಸಲ ಪರೀಕ್ಷಾ..."

"ಒಂದು ಆರಿಸ್ರಿ ಅಂದಿದ್ದೆ. ಎರಡನ್ನೂ ಬಿಡಿಸಿದ್ರಿ. ನಿಷ್ಪಕ್ಷಪಾತ ಅಂದ್ರ ನೀವ ನೋಡ್ರಿ!"

ಶಾಂತಾ ಒಳಗಿನಿಂದ ಬಂದು ಕೇಳಿದಳು, "ಇನ್ನೊಂದು ರೊಟ್ಟಿ ಹಾಕಲೇನ್ರಿ?"

ಮುಂದಿನ ಹತ್ತಿ ಸುಗ್ಗಿಗೆ ಮಾವ ಒಂದು ಹಳೆಯ ಲಾರಿ ಕೊಳ್ಳಲು ಹೊರಟರು. ಪರೀಕ್ಷೆಯ ದಿನ ಕಚೇರಿಗೇ ಆಳು ಓಡಿಬಂದ: "ಸಾಹುಕಾರ್ರು ನಿಮ್ಮನ್ನ ಜಲ್ದಿ ಕರಕೊಂಡು ಬಾ ಅಂದಾರ್ರಿ. ನೀವಿಲ್ಲದ ಆಗಂಗಿಲ್ಲಂತ!" ಎದೆ ತುಂಬಿ ಬಂತು. ಬರೆಯುತ್ತಿದ್ದ ಏಕೀಕರಣ ಸಭೆಯ ವರದಿಯನ್ನು ಅರ್ಧಕ್ಕೇ ಬಿಟ್ಟು, ಕೋಟು ತೊಟ್ಟು ಓಡಿದೆ. ಲಾರಿಯ ಮುಂದಿನ ಸೀಟಿನಲ್ಲಿ ಡ್ರೈವರ್ ಇದ್ದ, ಮಾವ ಇದ್ದರು, ನಡುವೆ ಎಂಜಿನ್ ಪರೀಕ್ಷಿಸಲು ಕರೆಸಿದ ಕೆಂಪು ಟೊಪ್ಪಿಗೆಯ ಮಿಸ್ತ್ರಿ ಇದ್ದ. ನಾನು ಬಾಗಿಲಿಗೆ ಕೈ ಹಾಕಿದೆ.

"ಇಲ್ಲಲ್ಲ, ಅಳಿಯಂದಿರ," ಎಂದರು ಮಾವ, ಬಹಳ ಗೌರವದಿಂದ, "ನೀವು ಹಿಂದ ಅಂಡಿಗಿ ಮ್ಯಾಲೆ ಕುಂಡ್ರಿ. ಭಾರ ಸ್ವಲ್ಪ ಕಡಿಮಿ ಬಿದ್ದೈತಿ."

ಕೋಟಿನ ಗುಂಡಿ ಹಾಕಿಕೊಂಡು ಹಿಂದೆ ಹೋಗಿ ಕುಳಿತೆ.