ರೊಟ್ಟಿ ನಿಷೇಧ ಮತ್ತು ಒಂದು ವಿನಾಯಿತಿ

೧೯೩೮ರ ಆಷಾಢದಲ್ಲಿ ಪುಣೆಯ ಶುಕ್ರವಾರ ಪೇಟೆಯ ಕನ್ನಡ ಗುಮಾಸ್ತರ ಖಾನಾವಳಿಯಲ್ಲಿ, ಸದಸ್ಯರ ಆರೋಗ್ಯದ ಹಿತದೃಷ್ಟಿಯಿಂದ, ಜೋಳದ ರೊಟ್ಟಿ ಮತ್ತು ಅನ್ನವನ್ನು ನಿಷೇಧಿಸಲಾಯಿತು. ಅಧ್ಯಕ್ಷರಾದ ದಿಗಂಬರರಾಯರು ತುಪ್ಪದ ವ್ಯಾಪಾರಿಗಳು. ಅಗ್ಗದ ವನಸ್ಪತಿ ಬಂದ ಮೇಲೆ ಅವರ ಗೋದಾಮಿನಲ್ಲಿ ತುಪ್ಪ ಹಾಗೇ ಕೂತಿದ್ದಕ್ಕೂ ಈ ಠರಾವಿಗೂ ಸಂಬಂಧವಿಲ್ಲವೆಂದು ಠರಾವಿನಲ್ಲೇ ಬರೆದಿದೆ. ಬರೆದವನು ಕಾರ್ಯದರ್ಶಿಯಾದ ನಾನೇ.

ಬೆಳಗ್ಗೆ ಬೆಣ್ಣೆ, ಮಧ್ಯಾಹ್ನ ತುಪ್ಪದಲ್ಲಿ ಮುಳುಗಿದ ಬದನೆಕಾಯಿ, ರಾತ್ರಿ ಕೆನೆ. ತಲೆ ತಿರುಗಿದರೆ ದೇಹ ಹಗುರವಾಗುತ್ತಿದೆಯೆಂದೂ, ಬಾಯಿ ನಾತ ಹೊಡೆದರೆ ಹಳೆಯ ಜೋಳ ಹೊರಬೀಳುತ್ತಿದೆಯೆಂದೂ, ಮಲಬದ್ಧತೆಯಾದರೆ ತುಪ್ಪ ಚೂರೂ ವ್ಯರ್ಥವಾಗುತ್ತಿಲ್ಲವೆಂದೂ ಸದಸ್ಯರು ತಿಳಿಯತಕ್ಕದ್ದು.

ಒಂಬತ್ತನೇ ವಾರ ರೈಲ್ವೆ ಗುಮಾಸ್ತ ಈರಬಸಪ್ಪನಿಗೆ ಎದೆನೋವು ಬಂತು. ಖಾನಾವಳಿಯ ಅಡುಗೆಯ ರುದ್ರವ್ವ ಅವನ ಅಕ್ಕ. ನನ್ನ ಮೇಜಿನ ಮುಂದೆ ಬಂದು ನಿಂತಳು.

“ಸೆಕ್ರೆಟರಿ ಸಾಹೇಬ್ರ, ನನ್ನ ತಮ್ಮಗ ಎದ್ದು ಕೂಡಾಕೂ ಆಗವಲ್ತು. ತುಪ್ಪ ಬಿಡಸ್ರಿ ಅಂತ ಡಾಕ್ಟರ್ ಹೇಳ್ಯಾರ. ಒಂದ ರೊಟ್ಟಿ ಬಡದು ಕೊಡ್ಲೇನ್ರಿ?”

“ಅರ್ಜಿ ಕೊಡ್ರಿ, ರುದ್ರವ್ವಾ. ಅದರ ಜೋಡಿ ಆರೋಗ್ಯದ ಸರ್ಟಿಫಿಕೇಟೂ ಬೇಕು. ರೊಟ್ಟಿ ಅಪಾಯದ ಪದಾರ್ಥ. ಗಟ್ಟಿಮುಟ್ಟ ಇದ್ದವರಿಗಷ್ಟ ಪರವಾನಗಿ ಅದ.”

“ಅಂವ ಗಟ್ಟಿ ಇದ್ದಿದ್ರ ನಾ ಯಾಕ್ರಿ ಬರ್ತಿದ್ದೆ?”

“ಅದನ್ನೂ ಅರ್ಜಿಯೊಳಗ ಬರಸ್ರಿ.”

ಆಕೆಗೆ ಅಕ್ಷರ ಬಾರದು. ಅರ್ಜಿಯನ್ನು ನಾನೇ ಬರೆದೆ, ನಾನೇ ಸ್ವೀಕರಿಸಿದೆ, ಸರ್ಟಿಫಿಕೇಟ್ ಇಲ್ಲದ ಕಾರಣ ನಾನೇ ತಿರಸ್ಕರಿಸಿದೆ. ನಾಚಿಕೆಯಾಯಿತು. ಆದರೂ ಸಹಿ ಹಾಕಿದೆ.

ಗುರುವಾರ ಈರಬಸಪ್ಪ ತೀರಿಕೊಂಡ. “ಹಗುರಾಗಿ ಹೋದ,” ಎಂದು ಅಧ್ಯಕ್ಷರು ಸಂತಾಪ ಸೂಚಿಸಿದರು. ಹೆಣ ಹೊತ್ತ ನಮಗೆ ಹಾಗನ್ನಿಸಲಿಲ್ಲ.

ಮೂರನೇ ದಿನ ಸಮಾಧಿಗೆ ಎಡೆ ಇಡಲು ರುದ್ರವ್ವ ಮತ್ತೆ ರೊಟ್ಟಿ ಕೇಳಿದಳು. ಸಮಿತಿ ಎರಡು ತಾಸು ಚರ್ಚಿಸಿ, ನಿಷೇಧವು ಮೃತ ಸದಸ್ಯರಿಗೆ ಅನ್ವಯಿಸುವುದಿಲ್ಲವೆಂದು ಕಂಡುಕೊಂಡು, ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ ಮಂಜೂರು ಮಾಡಿತು. ಆಕೆ ಅಳುತ್ತಲೇ ಬಡಿದಳು. ರೊಟ್ಟಿ ಬಡಿಯುವ ಸದ್ದು ಕೇಳಿ ಹದಿನೇಳು ಮಂದಿ ಬೆಣ್ಣೆ ಬಿಟ್ಟೆದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆವು.

ಮರುದಿನ, ತಮ್ಮನ್ನು ಮೃತರೆಂದು ಪರಿಗಣಿಸಬೇಕೆಂದು ಹದಿನೇಳು ಅರ್ಜಿಗಳು ಬಂದವು. ನನ್ನದು ನಾಲ್ಕನೆಯದು. ಮೃತರೂ ತುಪ್ಪ ಕೊಳ್ಳುವುದನ್ನು ನಿಲ್ಲಿಸಬಾರದೆಂಬ ಷರತ್ತಿನ ಮೇಲೆ ದಿಗಂಬರರಾಯರು ಎಲ್ಲವನ್ನೂ ಮಂಜೂರು ಮಾಡಿದರು.

ಈಗ ದಿನಾ ಎರಡು ರೊಟ್ಟಿ ಸಿಗುತ್ತವೆ. ರುದ್ರವ್ವ ಪ್ರತಿ ತಟ್ಟೆಯ ಮುಂದೆ ಊದಿನಕಡ್ಡಿ ಹಚ್ಚಿಟ್ಟು, ನಮ್ಮ ಮುಖ ನೋಡದೆ ಬಡಿಸಿ ಹೋಗುತ್ತಾಳೆ. ಯಾರದೂ ತಕರಾರಿಲ್ಲ.