ಬಾಗಿಲು ಮೆಲ್ಲಗೆ

ಅನಾಹುತಕ್ಕೆಲ್ಲ ಕಾರಣವಾದದ್ದು ಒಂದು ತೊಟ್ಟು ಎಣ್ಣೆ. ಅದು ಎಲ್ಲಿ ಬೇಕಾದರೂ ಬೀಳಬಹುದಿತ್ತು. ಹ್ಯೂಸ್ಟನ್ನಿನಲ್ಲಿ ಸಿಮೆಂಟು ಹಾಕಿದ ನೆಲಕ್ಕೇನೂ ಬರವಿಲ್ಲ. ಆದರೆ ಅದು ಬಿದ್ದದ್ದು ಶುಗರ್ ಲ್ಯಾಂಡಿನ ಮೋಹನರಾಜನ ಮನೆಯ ಡ್ರೈವ್‌ವೇ ಮೇಲೆ, ನವರಾತ್ರಿಗೆಂದು ಕುಮುದಾ ಸೊಂಟ ಹಿಡಿದುಕೊಳ್ಳುವವರೆಗೆ ಬಗ್ಗಿ ಬರೆದಿದ್ದ ರಂಗೋಲಿಯ ನಟ್ಟನಡುವೆ.

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದವಳು ಅದನ್ನು ನೋಡಿದಳು. ಹಿಂದಿನ ಸಂಜೆ ಗೊಂಬೆ ನೋಡಲು ಬಂದವರ ಗಾಡಿಗಳೆಲ್ಲ ರಂಗೋಲಿಯನ್ನು ಗಾಲಿಗಳ ನಡುವೆ ಬಿಟ್ಟುಕೊಂಡು ಅದೇ ಜಾಗದಲ್ಲಿ ನಿಂತು ಹೋಗಿದ್ದವು. ಆದರೆ ಊರಲ್ಲಿ ಏನು ಕಳುವಾದರೂ ಹಳೇ ಕಳ್ಳನನ್ನೇ ಹಿಡಿದು ತರುವುದು ರೂಢಿ. ಕುಮುದಾಳ ಕಣ್ಣು ನೇರವಾಗಿ ಹೋದದ್ದು ಗ್ಯಾರೇಜಿನಲ್ಲಿದ್ದ ಗಂಡನ ಟೊಯೋಟಾ ಕೊರೊಲ್ಲಾ ಕಡೆಗೆ.

ಹಾಲು ಹೆಚ್ಚಾದ ಚಹಾದ ಬಣ್ಣದ ಆ ಕಾರು, ಮೋಹನರಾಜ ಅಮೆರಿಕಕ್ಕೆ ಬಂದ ಹೊಸತರಲ್ಲಿ ಕೊಂಡದ್ದು. ಮಗಳು ಅನಘಾ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲಿ. ಈಗ ಹೈಸ್ಕೂಲಿಗೆ ಹೋಗುವುದೂ ಅದರಲ್ಲೇ. ಅದರ ಎಂಜಿನ್ ಆಯಿಲನ್ನು ಅವನು ಬೇರೆಯವರ ಕೈಯಲ್ಲಿ ಬದಲಾಯಿಸಲು ಬಿಟ್ಟವನೇ ಅಲ್ಲ. ಯಾರು ಹತ್ತಿದರೂ ಯಾರು ಇಳಿದರೂ ಅವನ ಬಾಯಿಂದ ಬರುವ ಮೊದಲ ಮಾತು, ‘ಬಾಗಿಲು ಮೆಲ್ಲಗೆ.’ ಕುಮುದಾ ಹೆರಿಗೆ ನೋವು ತಿನ್ನುತ್ತ ಆಸ್ಪತ್ರೆಯ ಮುಂದೆ ಇಳಿದಾಗಲೂ ಅದನ್ನೇ ಹೇಳಿದ್ದ. ಆ ಮಾತನ್ನು ಅವಳು ಇಲ್ಲಿಯವರೆಗೆ ಕ್ಷಮಿಸಿಲ್ಲ.

“ರೀ, ಈ ಡಬ್ಬ ಇವತ್ತೇ ಹೋಗ್ಬೇಕು,” ಎಂದಳು ಕುಮುದಾ.

ಇದು ಮಗುವಿನಂಥ ಗಾಡಿ, ಒಂದು ತೊಟ್ಟಿಗೆಲ್ಲ ಹಾಗನ್ನಬಾರದು ಎಂದು ಅವನು ಅಂಗಲಾಚಿದ. ಕಡೆಗೆ ಇಬ್ಬರಿಗೂ ಒಂದು ಒಪ್ಪಂದವಾಯಿತು. ಸಂಜೆ ಸಿದ್ರಾಮಪ್ಪ ಅಂಕಲ್ ಮನೆಯಲ್ಲಿ ಕನ್ನಡದವರೆಲ್ಲ ಸೇರಿ ಆಯುಧಪೂಜೆ. ಅಷ್ಟರೊಳಗೆ ಯಾರಾದರೂ ಕೊಳ್ಳುವವರು ಬಂದರೆ ಕಾರು ಅವರದ್ದು. ಯಾರೂ ಕೊಳ್ಳದಿದ್ದರೆ ಅದು ಇದೇ ಮನೆಯಲ್ಲಿ ಮುಪ್ಪಾಗಬಹುದು, ಕುಮುದಾ ಇನ್ನೊಮ್ಮೆ ಅದರ ಮಾತೆತ್ತುವುದಿಲ್ಲ.

ಒಂದು ಹಗಲಲ್ಲಿ ಯಾರು ಬಂದಾರು ಎಂದು ಮೋಹನರಾಜ ನೆಮ್ಮದಿಯಾಗಿದ್ದ. ಅವನು ಮರೆತದ್ದು ಎದುರುಮನೆಯ ಸಿದ್ರಾಮಪ್ಪ ಅಂಕಲ್‌ರನ್ನು. ಹುಬ್ಬಳ್ಳಿ ಕಡೆಯ ಅವರಿಗೆ ಎರಡು ದಿನಸಿ ಅಂಗಡಿ, ಹಡಗಿನಷ್ಟು ದೊಡ್ಡ ಯುರೋಪಿನ ಗಾಡಿ, ಮತ್ತು ಪರರ ಕೆಲಸವೆಂದರೆ ತುಂಬಾ ಆಸ್ಥೆ. ಕುಮುದಾ ಅವರಿಗೆ ವಿಷಯ ಹೇಳಿ ಫೋನಿಟ್ಟು ದೋಸೆ ಮಗುಚುವುದರೊಳಗೆ ಅವರು ಗಿರಾಕಿಯನ್ನು ಗೊತ್ತುಮಾಡಿ, ಮಧ್ಯಾಹ್ನ ಕರೆತರುವುದಾಗಿ ತಿಳಿಸಿದರು.

ಗಿರಾಕಿ ಯಾರೆಂದು ಕೇಳಿ ಮೋಹನರಾಜನ ನೆಮ್ಮದಿ ಹೋಯಿತು. ಅದು ರಸ್ತೆಯ ಕೊನೆಯ ಮನೆಯ ಒಬಿಯೋರಾ. ನೈಜೀರಿಯಾದ ಎನುಗು ಊರಿನವನು. ಕೆಲಸ ಮಾಡುವುದು ಮೋಹನರಾಜನ ಆಫೀಸಿನ ಪಕ್ಕದ ಕಟ್ಟಡದಲ್ಲೇ. ಯಾರದೋ ಮಾತು ಕೇಳಿ ಅವನೂ ಒಂದು ಯುರೋಪಿನ ಗಾಡಿ ಕೊಂಡಿದ್ದ. ಅದು ಮನೆಯಲ್ಲಿ ಇದ್ದದ್ದಕ್ಕಿಂತ ರಿಪೇರಿಗೆ ಹೋಗಿ ಕೂತದ್ದೇ ಹೆಚ್ಚು. ಅವನ ಬಳಗದಲ್ಲಿ ಕಾರು ಅಂದರೆ ಟೊಯೋಟಾ, ಉಳಿದವಕ್ಕೆಲ್ಲ ಆಯಾ ಹೆಸರು. ಅವರ ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಭಾನುವಾರ ತನ್ನ ಗಾಡಿ ಯಾವುದೆಂದು ಹುಡುಕುವುದೇ ಕಷ್ಟವಂತೆ. ಪ್ರಾಮಾಣಿಕವಾದ ಒಂದು ಹಳೇ ಕೊರೊಲ್ಲಾ ಇದ್ದರೆ ಹೇಳಿ ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳಿಟ್ಟಿದ್ದ. ಇಲ್ಲಿ ಒಂದಷ್ಟು ವರ್ಷ ಓಡಿಸಿ, ಆಮೇಲೆ ಹಡಗು ಹತ್ತಿಸಿ ಎನುಗುವಿನ ತಮ್ಮನಿಗೆ ಕಳಿಸುವುದು ಅವನ ಲೆಕ್ಕಾಚಾರ.

ಗಿರಾಕಿ ಬರುವುದರೊಳಗೆ ಕಾರನ್ನು ಕೆಡಿಸಬೇಕು ಎಂದು ಮೋಹನರಾಜ ಕರಿಬೇವಿನ ಕುಂಡದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡ. ಬಾನೆಟ್ಟಿನ ಮೇಲೆ ಕೈಯೆತ್ತಿ ನಿಂತ. ನಿಂತೇ ಇದ್ದ. ಕೈ ಬರಲಿಲ್ಲ. ಮಣ್ಣನ್ನು ಕುಂಡಕ್ಕೇ ಹಾಕಿ, ಕೈತೊಳೆದುಕೊಂಡು ಬರುವಾಗ ಅವನಿಗೊಂದು ಉಪಾಯ ಹೊಳೆಯಿತು. ಪೂಜೆ ಮಾಡಿದ ಗಾಡಿ ಲಕ್ಷ್ಮಿಗೆ ಸಮ. ಆಯುಧಪೂಜೆಯ ದಿನ ಪೂಜೆಯಾದ ಗಾಡಿಯನ್ನು ಅದೇ ದಿನ ಪರರಿಗೆ ಕೊಡುವ ಹೆಂಗಸು ಕನ್ನಡನಾಡಿನಲ್ಲಿಲ್ಲ, ಟೆಕ್ಸಾಸಿನಲ್ಲೂ ಇರಲಾರಳು.

ಸಂಜೆಯವರೆಗೆ ಕಾಯದೆ ತಾನೇ ಪೂಜೆಗೆ ಕೂತ. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದ, ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಯಿಂದ ತಂದಿಟ್ಟಿದ್ದ ಚೆಂಡುಹೂವಿನ ಮಾಲೆ ಹಾಕಿದ, ಊದುಬತ್ತಿ ಬೆಳಗಿದ. ನಾಲ್ಕು ಗಾಲಿಗೂ ನಾಲ್ಕು ನಿಂಬೆಹಣ್ಣು ಇಟ್ಟ. ಕಾಯಿ ಒಡೆಯುವ ಸದ್ದಿಗೆ ಕುಮುದಾ ಓಡಿ ಬಂದಳು. ನೋಡಿದವಳ ಮುಖ ಸಣ್ಣಗಾಯಿತು.

“ಇವತ್ತೇ ಪೂಜೆ ಮಾಡ್ಬಿಟ್ರಾ? ಇನ್ನು ಹೇಗ್ರೀ ಕೊಡೋದು?” ಎಂದಳು.

ಮೋಹನರಾಜ ಒಳಗೊಳಗೇ ಹಿಗ್ಗಿದ. ಅಷ್ಟರಲ್ಲಿ ಒಬಿಯೋರಾನನ್ನು ಮುಂದಿಟ್ಟುಕೊಂಡು ಸಿದ್ರಾಮಪ್ಪ ಅಂಕಲ್ ಬಂದೇ ಬಿಟ್ಟರು. ವಿಷಯ ಕೇಳಿ ಅವರು ಹಣೆ ಚಚ್ಚಿಕೊಳ್ಳಬಹುದೆಂದು ಇವನು ಕಾದ. ಅವರು ಸಂತೋಷದಿಂದ ಇವನ ಬೆನ್ನು ತಟ್ಟಿದರು.

“ಛಲೋನ ಆತ ಬಿಡ್ರಿ ತಂಗಿ. ಮಗಳನ್ನ ಗಂಡನ ಮನಿಗೆ ಕಳಸೂ ಮುಂದ ಅರಿಷಿಣ ಕುಂಕುಮ ಹಚ್ಚೇ ಕಳಸ್ತೀವಿಲ್ಲೋ? ಪೂಜಾ ಮಾಡಲಾರದ ಕೊಟ್ಟಿದ್ರ ಅದು ಮಾರಿದಂಗ ಆಕ್ಕಿತ್ತು. ಈಗ ಧಾರಿ ಎರದಂಗ ಆತು.”

ಕುಮುದಾಳ ಮುಖ ಅರಳಿತು. ಮೋಹನರಾಜನಿಗೆ ತಾನು ಹೆಣೆದ ಬಲೆಗೆ ತಾನೇ ಬಿದ್ದೆನೆಂದು ತಿಳಿಯಿತು. ಇನ್ನೊಂದು ಆಸೆಯೆಂದರೆ, ಕುಂಕುಮ ನಿಂಬೆಹಣ್ಣು ನೋಡಿ ಒಬಿಯೋರಾನೇ ಹೆದರಿ ಹೋದಾನು ಎಂಬುದು. ಅವನೋ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದ. ಅವನು ಆಡಿದ್ದೆಲ್ಲ ಇಂಗ್ಲಿಷು. ನಾವು ಕನ್ನಡದಲ್ಲೇ ಕೇಳೋಣ. ಅವರಲ್ಲೂ ಹೊಸ ಗಾಡಿ ಬಂದರೆ ಪಾದ್ರಿಯನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿಸುತ್ತಾರಂತೆ. ತಾನು ಕೊಂಡ ಮೇಲೆ ಮಾಡಿಸಬೇಕಾದ್ದನ್ನು ಮಾರುವವರೇ ಮಾಡಿಸಿಟ್ಟಿದ್ದಾರೆ, ಇಂಥ ನೆರೆಹೊರೆ ಯಾರಿಗುಂಟು ಎಂದು ಅವನು ಮೋಹನರಾಜನ ಕೈ ಹಿಡಿದು ಕುಲುಕಿದ.

ಹಾಗೆಂದು ಅವನು ಮೈಮರೆಯಲಿಲ್ಲ. ಅಂಗಿಯ ತೋಳು ಮಡಚಿ ಕಾರಿನ ಕೆಳಗೆ ತೂರಿದ, ಟಾರ್ಚು ಬಿಟ್ಟು ನೋಡಿದ. ಎದ್ದು ಬಂದು ಆಯಿಲ್ ಅಳೆಯುವ ಕಡ್ಡಿ ಎಳೆದು ಮೂಸಿದ. ಎಂಜಿನ್ ಶುರುಮಾಡಿ, ಮಗುವಿನ ಎದೆಗೆ ಕಿವಿಯಿಟ್ಟ ಡಾಕ್ಟರಂತೆ ಕಣ್ಣು ಮುಚ್ಚಿ ಕೇಳಿದ. ಅವನ ತುಟಿಯಲ್ಲಿ ನಗು ಮೂಡಿದ್ದನ್ನು ನೋಡಿ ಮೋಹನರಾಜ ಅವಸರ ಅವಸರವಾಗಿ ದೂರು ಶುರುಮಾಡಿದ.

ಇದರಲ್ಲಿ ಟಚ್ ಸ್ಕ್ರೀನ್ ಇಲ್ಲ ಎಂದ. ಇಲ್ಲದ್ದು ಕೆಡುವುದಿಲ್ಲ ಎಂದ ಒಬಿಯೋರಾ. ತುಂಬಾ ಹಳೇ ಮಾಡೆಲ್ ಎಂದದ್ದಕ್ಕೆ, ಎನುಗುವಿನ ಮೆಕ್ಯಾನಿಕ್‌ಗಳು ಇದನ್ನು ಕಣ್ಣು ಕಟ್ಟಿಕೊಂಡು ಬಿಚ್ಚಿ ಜೋಡಿಸುತ್ತಾರೆ ಎಂದ. ಹಿಂದಿನ ಬಂಪರಿನಲ್ಲಿ ತಗ್ಗು ಬಿದ್ದಿದೆ ಎಂದು ತೋರಿಸಿದರೆ ಒಬಿಯೋರಾ ಅದನ್ನು ಪ್ರೀತಿಯಿಂದ ಸವರಿದ. ಲೇಗೋಸಿನ ಟ್ರಾಫಿಕ್ಕಿನಲ್ಲಿ ಮೊದಲ ತಗ್ಗು ಬೀಳುವಾಗಿನ ಸಂಕಟ ಸಾಯುವ ಸಂಕಟ, ಅದನ್ನು ನೀವು ಆಗಲೇ ಅನುಭವಿಸಿ ಮುಗಿಸಿದ್ದೀರಿ ಎಂದು ಕೃತಜ್ಞತೆ ಹೇಳಿದ. ಇವನು ತೆಗಳಿದಷ್ಟೂ ಅವನು ಕೊಡುತ್ತೇನೆನ್ನುವ ಬೆಲೆ ಏರುತ್ತಿತ್ತು. ಸಿದ್ರಾಮಪ್ಪ ಅಂಕಲ್ ಕುಮುದಾಳ ಕಿವಿಯಲ್ಲಿ, ನಿಮ್ಮ ಯಜಮಾನರಿಗೆ ವ್ಯಾಪಾರ ಬರೂದಿಲ್ಲಂತ ಯಾರು ಅಂದಾರ ಎಂದರು.

ಒಂದು ಸುತ್ತು ಓಡಿಸಿ ನೋಡೋಣವೆಂದು ಒಬಿಯೋರಾ ನಾಲ್ಕು ನಿಂಬೆಹಣ್ಣನ್ನೂ ಸಶಾಸ್ತ್ರವಾಗಿ ಜಜ್ಜಿ ಹೊರಟ. ಪಕ್ಕದಲ್ಲಿ ಕೂತ ಮೋಹನರಾಜ ದಾರಿಯುದ್ದಕ್ಕೂ ಕುಲದೇವರನ್ನು ನೆನೆದ, ಏನಾದರೂ ಒಂದು ಸದ್ದು ಬರಲಿ ಎಂದು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ತಿರುವಿನಲ್ಲಿ ಅಳಿಲೊಂದು ಅಡ್ಡ ಓಡಿ, ಒಬಿಯೋರಾ ಗಕ್ಕನೆ ಬ್ರೇಕ್ ಹಾಕಿದ. ಅಳಿಲು ಬದುಕಿತು, ಮೋಹನರಾಜನ ಆಸೆ ಸತ್ತಿತು.

ಮನೆಯ ಮುಂದೆ ಇಳಿದ ಒಬಿಯೋರಾ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತನ್ನ ಕಡೆಯಿಂದ ಮಾತು ಮುಗಿಯಿತು ಎಂದ. ಮೋಹನರಾಜ ಕಾರನ್ನು ನೋಡಿದ. ಹೂಮಾಲೆ ಹಾಕಿಸಿಕೊಂಡು ಅದು ನಿಜವಾಗಿಯೂ ಮದುವಣಗಿತ್ತಿಯ ಹಾಗೆ ನಿಂತಿತ್ತು. ಅವನ ಕಣ್ಣು ತುಂಬಿ ಬಂತು. ಆ ಸಂಕಟದಲ್ಲಿ ಹಿಂದೆಮುಂದೆ ಯೋಚಿಸದೆ ಬಾಯಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿಬಿಟ್ಟ.

“ನಿಮ್ಮಿಂದ ಮುಚ್ಚಿಡಲಾರೆ. ಇದರ ಬ್ರೇಕ್ ನಂಬುವ ಹಾಗಿಲ್ಲ. ಕೆಲವು ದಿನ ಹಿಡಿಯುತ್ತೆ, ಕೆಲವು ದಿನ ಹಿಡಿಯೋದೇ ಇಲ್ಲ. ಹೋದ ವಾರ ಹೈವೇ ಮೇಲೆ ನಾನು ಉಳಿದದ್ದೇ ಹೆಚ್ಚು.”

ಒಬಿಯೋರಾ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಗೆದ್ದೆ ಎಂದು ಮೋಹನರಾಜ ಉಸಿರು ಬಿಟ್ಟ. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವುದರೊಳಗೆ ಬೆನ್ನ ಹಿಂದಿನಿಂದ ಮಗಳ ದನಿ ಕೇಳಿಸಿತು.

“ಅಪ್ಪಾ, ಯು ಡ್ರೈವ್ ಮಿ ಟು ಸ್ಕೂಲ್ ಇನ್ ದಟ್,” ಎಂದಳು ಅನಘಾ. ಅವಳ ಪಕ್ಕದಲ್ಲಿ ಕುಮುದಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಬ್ರೇಕ್ ಇಲ್ಲದ ಗಾಡೀಲಿ ನನ್ನ ಮಗಳನ್ನ ದಿನಾ ಕೂರಿಸ್ಕೊಂಡು ಹೋಗ್ತಿದ್ರಾ? ಗೊತ್ತಿದ್ದೂ?” ಕುಮುದಾಳ ದನಿ ನಡುಗಿತು. ಅವಳು ಕಿರುಚಿದ್ದರೆ ಮೋಹನರಾಜನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಬ್ರೇಕ್ ಚೆನ್ನಾಗಿದೆ ಕಣೇ, ನಾನು ಸುಮ್ಮನೆ ಹೇಳಿದೆ ಎಂದ ಅವನು. ಯಾರೂ ನಂಬಲಿಲ್ಲ. ಗಿರಾಕಿ ಕೈತಪ್ಪಿತೆಂದು ಈಗ ಸುಳ್ಳು ಹೇಳುತ್ತಿದ್ದಾರೆ ಎಂದಳು ಕುಮುದಾ. ಅಳಿಲನ್ನು ಸಾಕ್ಷಿಗೆ ಕರೆಯೋಣವೆಂದರೆ ಅದು ಮರ ಹತ್ತಿಯಾಗಿತ್ತು. ಒಬಿಯೋರಾನ ಕಡೆ ನೋಡಿದರೆ, ಅವನು ಗಂಡಹೆಂಡಿರ ಮಾತಿನ ನಡುವೆ ಬರಬಾರದೆಂಬ ಮರ್ಯಾದಸ್ಥನಂತೆ ಆಕಾಶ ನೋಡುತ್ತಿದ್ದ. ಸಿದ್ರಾಮಪ್ಪ ಅಂಕಲ್ ಆಗಲೇ ಗುಜರಿಯವನಿಗೆ ಫೋನು ಹಚ್ಚಿದ್ದರು. ಎಳೆದುಕೊಂಡು ಹೋಗುವ ಟ್ರಕ್ಕು ಒಂದು ಗಂಟೆಯೊಳಗೆ ಬರುತ್ತದೆಂದು ಅವರು ಘೋಷಿಸಿದಾಗ, ಒಬಿಯೋರಾ ಆಕಾಶದಿಂದ ಕಣ್ಣಿಳಿಸಿ ಮೆತ್ತಗೆ ಕೆಮ್ಮಿದ.

ಗುಜರಿಯವನು ಕೊಡುವ ಬೆಲೆಗೇ ತಾನು ತೆಗೆದುಕೊಳ್ಳುತ್ತೇನೆ, ದೇವರ ಹೆಸರಲ್ಲಿ ಹೂವಿಟ್ಟ ಗಾಡಿಯನ್ನು ಜಜ್ಜಿಸುವುದು ಬೇಡ ಎಂದು ಅವನು ಕುಮುದಾಳಿಗೆ ಹೇಳಿದ. ಬ್ರೇಕಿನ ಪಾಡು ತನಗಿರಲಿ ಎಂದ. ಎಷ್ಟು ದೊಡ್ಡ ಮನಸ್ಸು ಎಂದು ಕುಮುದಾ ಕೈಮುಗಿದಳು. ಕಾರಿಗೆ ಮತ್ತೊಮ್ಮೆ ಕುಂಕುಮ ಹಚ್ಚಿ, ಹೋಗುವಾಗ ಅವನ ಕೈಗೆ ಒಡೆದ ಕಾಯಿಯ ಒಂದು ಹೋಳು, ಎರಡು ಬಾಳೆಹಣ್ಣು ಕೊಟ್ಟಳು. ಕೊರೊಲ್ಲಾ ಹಿಂದಿನ ದೀಪ ಮಿಣುಕಿಸಿ ರಸ್ತೆಯ ಕೊನೆಯ ಮನೆಗೆ ಸಂಸಾರ ಮಾಡಲು ಹೋಯಿತು. ಮೋಹನರಾಜ ಸಂಜೆಯ ಪೂಜೆಗೆ ಗಾಡಿಯಿಲ್ಲದೆ ರಸ್ತೆ ದಾಟಿ ಹೋಗಿ, ಬೇರೆಯವರ ಗಾಡಿಗಳಿಗೆ ಮಂಗಳಾರತಿ ಎತ್ತಿ ಬಂದ.

ಸೋಮವಾರ ಬೆಳಿಗ್ಗೆ ಮೋಹನರಾಜ ಬ್ಯಾಗು ಹಿಡಿದು ಹೊರಗೆ ಬಂದಾಗ ಕುಮುದಾ ಡ್ರೈವ್‌ವೇ ಮೇಲೆ ಹಿಂದಿನ ದಿನ ಬರೆದ ಹೊಸ ರಂಗೋಲಿಯ ಮುಂದೆ ನಿಂತಿದ್ದಳು. ರಂಗೋಲಿಯ ನಟ್ಟನಡುವೆ ಒಂದು ತೊಟ್ಟು ಎಣ್ಣೆ. ಭಾನುವಾರ ಸಂಜೆ ಅಲ್ಲಿ ನಿಂತದ್ದು ಒಂದೇ ಗಾಡಿ. ಅಂಗಡಿಯಿಂದ ಬರುವ ದಾರಿಯಲ್ಲಿ ಸಿದ್ರಾಮಪ್ಪ ಅಂಕಲ್, ತಮ್ಮ ಹಾಗೆಯೇ ಒಂದು ಯುರೋಪಿನ ಗಾಡಿ ಕೊಳ್ಳಿರೆಂದು ಬುದ್ಧಿ ಹೇಳಲು ಇಳಿದು, ಎರಡು ಲೋಟ ಕಾಫಿ ಕುಡಿದು ಹೋಗಿದ್ದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಮುದಾ ಬಗ್ಗಿ, ಆ ತೊಟ್ಟಿನ ಸುತ್ತ ಒಂದು ಕಮಲ ಬರೆದಳು.

“ಬ್ರೇಕ್ ಈಗ ಸರಿಯಾಗಿದೆಯಂತೆ. ಹೊಸ ಗಾಡಿ ಬರೋ ತನಕ ಒಬಿಯೋರಾ ಅವರೇ ನಿಮ್ಮನ್ನ ಆಫೀಸಿಗೆ ಡ್ರಾಪ್ ಮಾಡ್ತಾರಂತೆ. ನಾನೇ ಕೇಳ್ದೆ,” ಎಂದಳು ರಂಗೋಲಿ ಪುಡಿಗೇ ಹೇಳುವಂತೆ.

ಕೊರೊಲ್ಲಾ ಬಂದು ನಿಂತಿತು. ಬಾನೆಟ್ಟಿನ ಮೇಲೆ ಕುಂಕುಮ ಹಾಗೇ ಇತ್ತು. ಕನ್ನಡಿಗೆ ಅವನೊಂದು ಜಪಮಾಲೆ ತೂಗಿಹಾಕಿದ್ದ. ಮೋಹನರಾಜ ಕಿಟಕಿಗೆ ಬಗ್ಗಿ, ಬ್ರೇಕ್ ರಿಪೇರಿ ಮಾಡಿಸಿದಿರಾ ಎಂದು ಕೇಳಿದ.

ಒಬಿಯೋರಾ ಹಲ್ಲು ಬಿಟ್ಟು ನಕ್ಕ. “ಏನು ರಿಪೇರಿ? ಅಳಿಲು ಬದುಕಿದ್ದನ್ನು ನಾನೂ ನೋಡಿದೆ, ನೀವೂ ನೋಡಿದಿರಿ. ಕೆಟ್ಟ ಗಾಡಿ ಮಾರುವವನು ಅದನ್ನು ಹೊಗಳುತ್ತಾನೆ. ಕಣ್ಣಲ್ಲಿ ನೀರಿಟ್ಟುಕೊಂಡು ತೆಗಳುವವನನ್ನು ನೋಡಿದ ಮೇಲೆ, ಈ ಗಾಡಿ ಬಿಡಬಾರದು ಅಂತ ಖಾತ್ರಿಯಾಯಿತು. ಬೆಲೆ ಇಳಿಸಿದ್ದು ಮಾತ್ರ ನಾನಲ್ಲ.”

ಮೋಹನರಾಜನ ಮೈಯೆಲ್ಲ ಉರಿಯಿತು. ತನ್ನದೇ ಕಾರಿನ ಪಕ್ಕದ ಸೀಟಿನಲ್ಲಿ ಕೂತು, ಜನ್ಮದಲ್ಲಿ ಮೊದಲ ಬಾರಿಗೆ ಅದರ ಬಾಗಿಲನ್ನು ಧಡಾರನೆ ಎಳೆದುಕೊಂಡ.

ಒಬಿಯೋರಾ ಗೇರಿನಿಂದ ಕೈ ತೆಗೆದ. ನಗು ಮಾಯವಾಗಿತ್ತು. ನೊಂದ ಮುಖದಿಂದ ಬಾಗಿಲನ್ನೂ ಮೋಹನರಾಜನನ್ನೂ ನೋಡಿ, “ಮಿತ್ರಾ, ಬಾಗಿಲು ಮೆಲ್ಲಗೆ,” ಎಂದ.