ಅಜ್ಜಿಯ ಮೇಲ್ಮನವಿ

ದಯೆ ಎಂಬುದು ನನ್ನಲ್ಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದಾಗ, ಬೇರೆ ಕಾಲೇಜಿನಿಂದ ಬಂದವರ ಅರ್ಜಿಯಲ್ಲಿ ‘ಕೈಂಡ್ಲಿ’ ಎಂದಿದ್ದರೆ ಕೆಂಪು ಪೆನ್ನಿನಿಂದ ಮೊದಲು ಆ ಪದವನ್ನು ಹೊಡೆಯುತ್ತಿದ್ದೆ, ಆಮೇಲೆ ಅರ್ಜಿಯನ್ನು. ಈಗ ಗಲ್ಫಿನ ರಿಗ್ಗೈಯಲ್ಲಿರುವ ಮಗಳ ಮನೆಯಿಂದ ಬಂದು, ಮೊಮ್ಮಗಳು ಯಾಮಿನಿಯ ಯೂನಿವರ್ಸಿಟಿಯ ಕೌಂಟರಿನ ಈಚೆ ನಿಂತಿದ್ದೆ. ಆಚೆ ಕ್ಲಾರಿಸ್ಸಾ, ಉಡುಪಿಯ ಕಡೆಯವಳು.

ಕ್ಲಾರಿಸ್ಸಾ: ಆಗುವುದಿಲ್ಲ ಮೇಡಂ. ಬೇರೆ ಕಾಲೇಜಿನಲ್ಲಿ ಒಂದು ಕೋರ್ಸ್ ಓದುವ ಮೊದಲು ಇಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕಿತ್ತು.

ನಾನು: ಓದಿ ಮುಗಿಸಿದ್ದಾಳಲ್ಲಮ್ಮ! ಆರ್ಗ್ಯಾನಿಕ್ ಕೆಮಿಸ್ಟ್ರಿ, ಲ್ಯಾಬ್ ಸಮೇತ, ಎ ಗ್ರೇಡು.

ಕ್ಲಾರಿಸ್ಸಾ: ಓದಿದ್ದು ಸರಿ. ಕೇಳಿ ಓದಬೇಕಿತ್ತು.

ನಾನು: ಕಲಿಯೋಕೆ ಯಾರ ಅಪ್ಪಣೆ?

ಯಾಮಿನಿ: ಅಜ್ಜಿ, ಐ ಟೋಲ್ಡ್ ಯು! ಪರ್ಮಿಷನ್ ಫಾರ್ಮ್ ಇದೆ ಅಂದಾಗ್ಲೂ ಇದೇ ಡೈಲಾಗ್ ಹೇಳಿದ್ರಿ.

ಆ ಕೋರ್ಸಿನ ಕ್ರೆಡಿಟ್ ಇಲ್ಲಿಯ ಲೆಕ್ಕಕ್ಕೆ ಸೇರದಿದ್ದರೆ ಅವಳು ಈ ವರ್ಷ ಮೆಡಿಕಲ್‌ಗೆ ಅರ್ಜಿ ಹಾಕುವಂತಿಲ್ಲ. ಮಾತು ನನ್ನದು, ಹೋಗುವ ವರ್ಷ ಅವಳದು.

ನಾನು: ನೋಡಮ್ಮ, ನಿಮ್ಮ ಸಿಲಬಸ್‌ಗಿಂತ ಅಲ್ಲಿ ಎರಡು ಅಧ್ಯಾಯ ಜಾಸ್ತೀನೇ ಇದೆ.

ಕ್ಲಾರಿಸ್ಸಾ: ಹಾಗಾದರೆ ಎರಡೂ ಸಮಾನ ಅಲ್ಲವಲ್ಲ ಮೇಡಂ.

ಉತ್ತರ ಹಿಡಿಸಿತು. ಹಿಂದೆ ನಾನೇ ಕೊಡುತ್ತಿದ್ದದ್ದು.

ನಾನು: ನಿನ್ನ ಮೇಲಿನವರನ್ನ ಕರಿ.

ಕ್ಲಾರಿಸ್ಸಾ: ಅವರೂ ಇದನ್ನೇ ಹೇಳುವುದು, ಇಂಗ್ಲಿಷಿನಲ್ಲಿ.

ನಾನು: ಮೂವತ್ತೊಂದು ವರ್ಷ ನಾನೂ ಇದೇ ಕೆಲಸ ಮಾಡಿದೀನಿ, ಗೊತ್ತಾ?

ಕ್ಲಾರಿಸ್ಸಾ: ಹೌದಾ! ಕೇಳದೆ ಓದಿ ಬಂದವರಿಗೆ ನೀವು ಎಂತ ಹೇಳ್ತಿದ್ರಿ?

ಯಾಮಿನಿ: ಹೇಳಿ ಅಜ್ಜಿ.

ನಾನು: ಮುಂದಿನ ವರ್ಷ ಬನ್ನಿ ಅಂತಿದ್ದೆ.

ಕ್ಲಾರಿಸ್ಸಾ ಮುಖ ತಿರುಗಿಸಿ ನಕ್ಕಳು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದಳು.

ಕ್ಲಾರಿಸ್ಸಾ: ಇದು ಮೇಲ್ಮನವಿ. ಕಮಿಟಿ ನೋಡ್ತದೆ. ಇವತ್ತು ಗುರುವಾರ, ನಾಳೆಯಿಂದ ವಾರದ ರಜೆ; ಎರಡು ಗಂಟೆಗೆ ಆಫೀಸು ಖಲಾಸ್. ಇವತ್ತೇ ಕಡೇ ದಿನ. ಕಾರಣ ಅಂತ ಇದೆಯಲ್ಲ, ಅಲ್ಲಿ ‘ನಿಯಮ ಗೊತ್ತಿರಲಿಲ್ಲ’ ಅಂತ ಬರೆಯಿರಿ. ಎಲ್ಲರೂ ಹಾಗೇ ಬರೆಯುವುದು.

ನಾನು: ಗೊತ್ತಿತ್ತು. ಸುಳ್ಳು ಯಾಕೆ ಬರೀಲಿ?

ಯಾಮಿನಿ: ಅಜ್ಜಿ, ಪ್ಲೀಸ್!

ಅವಳು ಉಗುರು ಕಚ್ಚುತ್ತಿದ್ದಳು. ಡಾಕ್ಟರಾಗುವವಳಿಗೆ ಇದು ತರವಲ್ಲ ಎನ್ನಲು ಬಾಯಿ ತೆರೆದೆ; ಮುಚ್ಚಿದೆ. ಪೆನ್ನು ತೆಗೆದು ಇಂಗ್ಲಿಷಿನಲ್ಲಿ ಬರೆದೆ: ‘ಒಪ್ಪಿಗೆ ಪಡೆಯಬೇಕೆಂದು ವಿದ್ಯಾರ್ಥಿನಿ ಹೇಳಿದ್ದಳು. ಬೇಡವೆಂದು ತಡೆದದ್ದು ಅಜ್ಜಿಯ ಅಹಂಕಾರ. ಪರಿಗಣಿಸಿ.’ ಕೆಳಗೆ ಡಾ. ಸರಸಮ್ಮ ಎಂದು ಸಹಿ ಹಾಕಿ, ಎಲ್ಲ ಡಿಗ್ರಿಗಳನ್ನೂ ನಮೂದಿಸಿದೆ.

ಕ್ಲಾರಿಸ್ಸಾ: ಮೇಡಂ, ಇದು ಮನವಿಯ ಹಾಗಿಲ್ಲ. ತೀರ್ಪಿನ ಹಾಗುಂಟು.

ಹಾಳೆಯನ್ನು ಹಿಂದಕ್ಕೆಳೆದುಕೊಂಡೆ. ‘ಪರಿಗಣಿಸಿ’ಯ ಹಿಂದೆ ಇದ್ದ ಸಣ್ಣ ಜಾಗದಲ್ಲಿ ಒಂದು ಪದ ತುರುಕಿದೆ.

ಯಾಮಿನಿ: ಅಜ್ಜಿ! ‘ಕೈಂಡ್ಲಿ’? ನೀವಾ?

ನಾನು: ಸುಮ್ನಿರೆ. ಕೆಂಪು ಪೆನ್ನು ಮೈಸೂರಲ್ಲಿದೆ.